ಡಬ್ಬದ ಮೇಲಿನ 500

ಕರೆಂಟ್ ವೈರಲ್ಲೇ ಇಂಟರ್ನೆಟ್ ಹರಿಸೋ ಪವರ್‌ಲೈನ್ ಅಡಾಪ್ಟರ್. ಡಬ್ಬದ ಮೇಲೆ 500 ಎಂಬಿಪಿಎಸ್ ಅಂತಿತ್ತು. ಒಳಗಿನ ಈಥರ್ನೆಟ್ ಪೋರ್ಟು ಬರೀ 100ರದ್ದು! 500 ಅನ್ನೋದು ವೈರಿನ ಮೇಲಿನ ಲೆಕ್ಕದ ವೇಗ, ಕೈಗೆ ಸಿಗುವುದಲ್ಲ.

ಊರಿನ ಮನೆಯ ಮಹಡಿಯಲ್ಲಿ ಕೂತು ಕೆಲಸ ಮಾಡಿದರೆ ಅಪ್ಪ-ಅಮ್ಮನ ಜೊತೆಗಿರಬಹುದು ಅಂತ ತಂದೆ. ಸಿಕ್ಕಿದ್ದು 6. ಎಕ್ಸ್‌ಟೆನ್ಶನ್ ಬೋರ್ಡು ಬಿಟ್ಟು ಗೋಡೆಯ ಸಾಕೆಟ್ಟಿಗೇ ಚುಚ್ಚಿ, ಪಕ್ಕದ ಮೊಬೈಲ್ ಚಾರ್ಜರ್ ಕಿತ್ತೆ; 15 ಆಯ್ತು. ಕೊನೆಗೆ ಎಲೆಕ್ಟ್ರಿಷಿಯನ್ ನಕ್ಕ: "ಕೆಳಗೊಂದು ಫೇಸು, ಮೇಲೊಂದು ಫೇಸು ಅಣ್ಣಾ."

ಎರಡನ್ನೂ ಒಂದೇ ಫೇಸಿಗೆ ಹಾಕಿಸಿದ ಮೇಲೆ 40. ಅಮ್ಮ ಮಿಕ್ಸಿ ಹಾಕಿದರೆ ಮೀಟಿಂಗು ಈಗಲೂ ತೊದಲುತ್ತೆ. ಸಾಧನ ಕೆಟ್ಟದ್ದಲ್ಲ. ಆದರೆ 500ನ್ನು ದಪ್ಪಕ್ಷರದಲ್ಲಿ ಬರೆದವರು ಫೇಸಿನ ಬಗ್ಗೆ ಡಬ್ಬದ ಮೇಲೆ ಒಂದು ಸಾಲೂ ಬರೆದಿಲ್ಲ. ನನ್ನ ತಕರಾರು ಅದು.