ಹಾವಿನ ಹಲ್ಲು ಯಾರ ಬಾಯಲ್ಲಿ? ಕಾದಂಬರಿಯಿಂದ ಬಂದ ಸಿನಿಮಾ ನೋಡುವವರಿಗೊಂದು ಕೈಪಿಡಿ

ಚಿತ್ರದುರ್ಗ ಜಿಲ್ಲೆಯಲ್ಲಿ ಯಾರ ಹತ್ತಿರವಾದರೂ ‘ನಾಗರಹಾವು’ ಸಿನಿಮಾದ ಮಾತೆತ್ತಿ ನೋಡಿ. ಹೊಸದುರ್ಗದ ಹೋಟೆಲಾಗಲಿ, ಹಾಲುರಾಮೇಶ್ವರದ ಗುಡಿ ಮುಂದಿನ ಹಣ್ಣುಕಾಯಿ ಅಂಗಡಿಯಾಗಲಿ, ಅರ್ಧ ಗಂಟೆ ಹೋಯಿತೆಂದೇ ಲೆಕ್ಕ. ಒಬ್ಬರಿಗೆ ವಿಷ್ಣುವರ್ಧನ್ ಕಣ್ಣು, ಒಬ್ಬರಿಗೆ ಓಬವ್ವನ ಹಾಡು, ಇನ್ನೊಬ್ಬರಿಗೆ ಅಂಬರೀಷ್ ಬಾಯಿಂದ ಬಂದ ಆ ‘ಬುಲ್‌ಬುಲ್’. ಮಾತು ಕಾವೇರುವ ಹೊತ್ತಿಗೆ ಯಾರೋ ಓದಿಕೊಂಡವರು ನಡುವೆ ಬಾಯಿ ಹಾಕಿ, ‘ಮೊದಲು ಕಾದಂಬರಿ ಓದಿದ್ದೀರೇನ್ರೀ?’ ಎನ್ನುತ್ತಾರೆ. ಎಲ್ಲರೂ ತೆಪ್ಪಗಾಗುತ್ತಾರೆ. ಆ ಒಂದು ಪ್ರಶ್ನೆಗೆ ಹೆದರಿ, ತಮಗೆ ಅನ್ನಿಸಿದ್ದನ್ನು ನುಂಗಿಕೊಳ್ಳುವ ಹೊಸ ಪ್ರೇಕ್ಷಕರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಹಿನ್ನೆಲೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳಿಬಿಡುತ್ತೇನೆ. ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ‘ನಾಗರಹಾವು’ ತೆರೆಗೆ ಬಂದದ್ದು 1972ರ ಡಿಸೆಂಬರ್ ಕೊನೆಯಲ್ಲಿ. ನಿರ್ಮಾಪಕರು ಎನ್. ವೀರಾಸ್ವಾಮಿ, ಸಂಗೀತ ವಿಜಯಭಾಸ್ಕರ್ ಅವರದು, ಕ್ಯಾಮೆರಾ ಚಿಟ್ಟಿಬಾಬು ಅವರದು. ಕಥೆ ನಮ್ಮ ಜಿಲ್ಲೆಯ ತಳುಕಿನ ತ.ರಾ. ಸುಬ್ಬರಾಯರದು. ಒಂದು ಕಾದಂಬರಿಯಲ್ಲ, ಮೂರು: ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’. ಮೂರನ್ನೂ ಕಲಸಿ ಒಂದು ಸಿನಿಮಾ ಮಾಡಿದರು. ಅದೇ ಸಂಪತ್ ಕುಮಾರ್ ಎಂಬ ಹುಡುಗನನ್ನು ವಿಷ್ಣುವರ್ಧನ್ ಮಾಡಿತು, ಅಮರನಾಥ್ ಎಂಬ ಇನ್ನೊಬ್ಬನನ್ನು ಅಂಬರೀಷ್ ಮಾಡಿತು. ಇಷ್ಟು ಸಾಕು. ಉಳಿದದ್ದು ಯಾವ ಕಟ್ಟೆಯ ಮೇಲೆ ಕೂತರೂ ಸಿಗುತ್ತದೆ.

ನನ್ನ ಮೊದಲನೆಯ ಸಲಹೆ ಓದಿಕೊಂಡವರಿಗೆ ರುಚಿಸಲಿಕ್ಕಿಲ್ಲ. ಪುಸ್ತಕ ಆಮೇಲೆ ಓದಿ, ಸಿನಿಮಾ ಮೊದಲು ನೋಡಿ. ಪುಸ್ತಕ ಓದಿ ಹೋದವರು ಥಿಯೇಟರಿನಲ್ಲಿ ಸಿನಿಮಾ ನೋಡುವುದಿಲ್ಲ, ಹಾಜರಿ ತೆಗೆದುಕೊಳ್ಳುತ್ತಾರೆ. ಆ ಪಾತ್ರ ಬಂತೇ, ಈ ಪ್ರಸಂಗ ಬಂತೇ, ಆ ಮಾತು ಬಿಟ್ಟರೇ? ಹಾಲುರಾಮೇಶ್ವರದಲ್ಲಿ ಗಂಗೆಯ ಕೊಳವಿದೆ. ಬೇಡಿಕೊಂಡು ನಿಂತವರಿಗೆ ನೀರಿನಿಂದ ಹಣ್ಣೋ ಅಡಿಕೆಯೋ ಬಳೆಯೋ ತೇಲಿ ಬರುತ್ತದೆ ಎಂಬುದು ಭಕ್ತರ ನಂಬಿಕೆ. ಬಂದದ್ದನ್ನು ಕಣ್ಣಿಗೊತ್ತಿಕೊಂಡು ಮಡಿಲಿಗೆ ಹಾಕಿಕೊಳ್ಳುತ್ತಾರೆಯೇ ಹೊರತು, ಮನಸ್ಸಿನಲ್ಲಿದ್ದದ್ದು ತೆಂಗಿನಕಾಯಿ, ಬಂದದ್ದು ಅಡಿಕೆ ಎಂದು ಅಲ್ಲಿ ಯಾರೂ ಜಗಳ ತೆಗೆಯುವುದಿಲ್ಲ. ಕಾದಂಬರಿ ಓದಿ ಸಿನಿಮಾಕ್ಕೆ ಹೋದವರು ಮಾತ್ರ ತೆಗೆಯುತ್ತಾರೆ.

ಹಾಗೆ ಜಗಳ ತೆಗೆದವರಲ್ಲಿ ಮೊದಲಿಗರು ತ.ರಾ.ಸು. ಅವರೇ. ಪುಟ್ಟಣ್ಣ ತಮ್ಮ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಎಂದು ಅವರು ಬೇಸರಪಟ್ಟ ಮಾತು ಇಂದಿಗೂ ಓಡಾಡುತ್ತದೆ. ಊರೆಲ್ಲ ಹೊತ್ತು ಮೆರೆಸಿದ ಸಿನಿಮಾವನ್ನು ಹೆತ್ತವರೇ ಒಪ್ಪಲಿಲ್ಲ. ಹೊಸಬರು ಇಲ್ಲೇ ಎಡವುವುದು. ಬರೆದವರೇ ಹೀಗೆಂದ ಮೇಲೆ ನಮ್ಮದೇನು ಎಂದು ಕೈಚೆಲ್ಲುವವರು ಕೆಲವರು. ಅಷ್ಟು ದಿನ ಓಡಿದ ಚಿತ್ರಕ್ಕೆ ಬರೆದವರ ಸರ್ಟಿಫಿಕೇಟ್ ಯಾಕೆ ಎಂದು ಅಬ್ಬರಿಸುವವರು ಇನ್ನು ಕೆಲವರು. ಎರಡೂ ಅಭಿಪ್ರಾಯವಲ್ಲ, ಅಭಿಪ್ರಾಯ ಹೇಳುವ ಕಷ್ಟದಿಂದ ತಪ್ಪಿಸಿಕೊಳ್ಳುವ ದಾರಿ.

ಈ ಜಗಳ ನಮ್ಮೂರಿನದು ಮಾತ್ರವಲ್ಲ. ರಕ್ತ ಹೀರುವ ಪಿಶಾಚಿಗಳ ಸಿನಿಮಾಗಳಲ್ಲಿ ಇದು ನೂರು ವರ್ಷದಿಂದ ನಡೆದಿದೆ. ಬ್ರಾಮ್ ಸ್ಟೋಕರ್ 1897ರಲ್ಲಿ ಬರೆದ ‘ಡ್ರಾಕುಲಾ’ವನ್ನು ಹೆಸರು ಬದಲಿಸಿ, ಹಕ್ಕು ಕೇಳದೆ, 1922ರಲ್ಲಿ ಜರ್ಮನಿಯವರು ‘ನೊಸ್ಫೆರಾಟು’ ಎಂದು ಚಿತ್ರ ಮಾಡಿದರು. ಸ್ಟೋಕರ್ ಅವರ ಪತ್ನಿ ಕೋರ್ಟಿಗೆ ಹೋಗಿ ಗೆದ್ದರು, ಪ್ರಿಂಟುಗಳನ್ನೆಲ್ಲ ನಾಶ ಮಾಡಬೇಕೆಂದು ಆದೇಶವೂ ಆಯಿತು. ಅಲ್ಲೊಂದು ಇಲ್ಲೊಂದು ಪ್ರಿಂಟು ಉಳಿದದ್ದರಿಂದ ನಾವು ಇಂದು ಅದನ್ನು ನೋಡುತ್ತೇವೆ, ಸಿನಿಮಾ ಕಲಿಯುವವರು ಅದನ್ನು ಪಾಠದಂತೆ ಓದುತ್ತಾರೆ. ಆನ್ ರೈಸ್ ಎಂಬ ಅಮೆರಿಕದ ಲೇಖಕಿಯದು ಇನ್ನೂ ಸ್ವಾರಸ್ಯದ ಕಥೆ. ಅವರ ಪಿಶಾಚಿ ಕಾದಂಬರಿಯೊಂದು 1994ರಲ್ಲಿ ಸಿನಿಮಾ ಆಗುವಾಗ ನಾಯಕನ ಪಾತ್ರಕ್ಕೆ ಟಾಮ್ ಕ್ರೂಸ್ ಸಲ್ಲ ಎಂದು ಬಹಿರಂಗವಾಗಿ ತಕರಾರು ತೆಗೆದರು. ಸಿನಿಮಾ ನೋಡಿದ ಮೇಲೆ ಅಷ್ಟೇ ಬಹಿರಂಗವಾಗಿ ಮೆಚ್ಚಿಕೊಂಡರು. ಮುಂದೆ ಅದೇ ಸರಣಿಯ ಎರಡು ಕಾದಂಬರಿಗಳನ್ನು ಕಲಸಿ 2002ರಲ್ಲಿ ‘ಕ್ವೀನ್ ಆಫ್ ದಿ ಡ್ಯಾಮ್ಡ್’ ಬಂತು. ಅದು ಅವರಿಗೆ ಹಿಡಿಸಲಿಲ್ಲ, ಬಹಳಷ್ಟು ಓದುಗರಿಗೂ ಹಿಡಿಸಲಿಲ್ಲ. ಪುಟ್ಟಣ್ಣ ಮೂರನ್ನು ಕಲಸಿ ದಕ್ಕಿಸಿಕೊಂಡರು, ಆ ಚಿತ್ರ ಮಾಡಿದವರಿಗೆ ಎರಡೂ ದಕ್ಕಲಿಲ್ಲ. ಕಲಸುವುದೇ ತಪ್ಪು ಎನ್ನುವವರು ಈ ಎರಡು ಉದಾಹರಣೆಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. (ತ.ರಾ.ಸು. ಅವರ ‘ರಕ್ತರಾತ್ರಿ’ ಎಂಬ ಹೆಸರು ಕೇಳಿ ಪಿಶಾಚಿ ಕಥೆಯೆಂದು ಕೈಗೆತ್ತಿಕೊಂಡರೆ ಮೋಸ ಹೋಗುತ್ತೀರಿ. ಅದು ದುರ್ಗದ ನಾಯಕರ ಚರಿತ್ರೆ.)

ಸರಿ, ನೋಡುವುದು ಹೇಗೆ? ‘ಹಾವು’ ಎಂಬ ಹೆಸರು ಕೊಟ್ಟಿದ್ದಾರಲ್ಲ, ಹಾವಿನ ಹಲ್ಲು ಯಾರ ಬಾಯಲ್ಲಿದೆ ಎಂದು ಹುಡುಕುತ್ತ ನೋಡಿ. ಶುರುವಿನಲ್ಲಿ ಉತ್ತರ ಸುಲಭ. ಕಾಲೇಜಿನಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದ ನಾಯಕ ರಾಮಾಚಾರಿಗೆ (ವಿಷ್ಣುವರ್ಧನ್) ಪ್ರಿನ್ಸಿಪಾಲರು ಎಲ್ಲರೆದುರು ಅವಮಾನ ಮಾಡಿ ಹೊರಗೆ ಹಾಕುತ್ತಾರೆ. ರಾತ್ರಿ ಅವರ ಮನೆಗೆ ಕಲ್ಲು ಬೀಳುತ್ತದೆ. ಯಾರದು ಎಂದು ಅಟ್ಟಿಸಿಕೊಂಡು ಹೊರಗೆ ಬಂದ ಪ್ರಿನ್ಸಿಪಾಲರನ್ನು ಅರೆಬೆತ್ತಲೆ ಕಂಬಕ್ಕೆ ಕಟ್ಟಿ ಹುಡುಗರು ಓಡಿಹೋಗುತ್ತಾರೆ. ಪ್ರಿನ್ಸಿಪಾಲರಾದ ಲೋಕನಾಥ್ ಅವರ ಅವಸ್ಥೆ ನೋಡಿ ಜನ ನಗುತ್ತಾರೆ. ನಗು ನಿಂತ ಮೇಲೆ ಒಂದು ಗಮನಿಸಿ: ಹುಡುಗನ ಸಿಟ್ಟು ಶಿಕ್ಷೆಯ ಮೇಲಲ್ಲ, ಅವಮಾನದ ಮೇಲೆ. ತುಳಿದರೆ ಕಚ್ಚುತ್ತಾನೆ, ತುಳಿಯದಿದ್ದರೆ ತನ್ನ ಪಾಡಿಗೆ ಹೋಗುತ್ತಾನೆ. ಹಾವಿನ ಗುಣವೂ ಅಷ್ಟೇ ಅಲ್ಲವೇ. ಮುಂದೆ ಸ್ನೇಹಿತ ವರದನ ತಂಗಿ ಅಲಮೇಲುವನ್ನು ಕಾಡುವ ಜಲೀಲನನ್ನು (ಅಂಬರೀಷ್) ಬಡಿಯುವಾಗಲೂ ಹಲ್ಲು ರಾಮಾಚಾರಿಯದೇ.

ಚಾಮಯ್ಯ ಮೇಷ್ಟ್ರು ಬರುತ್ತಾರೆ, ಲೆಕ್ಕ ತಿರುಗುತ್ತದೆ. ಹೊಸಬರು ನಿಧಾನಿಸಬೇಕಾದದ್ದು ಇಲ್ಲಿ. ಕೆ.ಎಸ್. ಅಶ್ವಥ್ ಅವರ ಮೇಷ್ಟ್ರನ್ನು ಕಂಡರೆ ಇಡೀ ಕರ್ನಾಟಕಕ್ಕೆ ಗೌರವ, ಅಂಥ ಗುರು ನಮಗೆ ಸಿಗಲಿಲ್ಲವಲ್ಲ ಎಂದು ಕಣ್ಣೊರೆಸಿಕೊಂಡವರಿದ್ದಾರೆ. ಅವರ ದನಿ ಏರುವುದು ಕಡಿಮೆ. ಹೆತ್ತ ಅಪ್ಪ ಬೈದರೆ ತಿರುಗಿಬೀಳುವ ಹುಡುಗ ಈ ಮನುಷ್ಯನೆದುರು ಕುತ್ತಿಗೆ ಬಗ್ಗಿಸುತ್ತಾನೆ, ಯಾಕೆಂದರೆ ಊರಲ್ಲಿ ಅವನನ್ನು ನಂಬಿದವರು ಇವರೊಬ್ಬರೇ. ಆ ನಂಬಿಕೆಯನ್ನೇ ಹಿಡಿದು, ಪ್ರೀತಿಯಿಂದಲೇ, ಅವನು ಮನಸ್ಸು ಕೊಟ್ಟ ಅಲಮೇಲುವನ್ನು ಬಿಟ್ಟುಕೊಡು ಎನ್ನುತ್ತಾರೆ. ಬಿಟ್ಟುಕೊಡುತ್ತಾನೆ. ಮದುವೆಯಾಗಿ ಹೋದ ಆ ಹುಡುಗಿ ಗಂಡನ ಕೈಯಿಂದಲೇ ಮೈ ಮಾರುವ ದಂಧೆಗೆ ಬಿದ್ದಿರುವುದು ಅವನಿಗೆ ಆಮೇಲೆ ಪರಊರಿನಲ್ಲಿ ಗೊತ್ತಾಗುತ್ತದೆ. ಮುಂದೆ ಮಾರ್ಗರೆಟ್. ಕ್ರೈಸ್ತರ ಹುಡುಗಿ. ಮತ್ತೆ ಮೇಷ್ಟ್ರು, ಮತ್ತೆ ಅದೇ ಬಿಡು ಎಂಬ ಮಾತು.

ಐವತ್ತು ವರ್ಷ ದಾಟಿದ ಸಿನಿಮಾದ ಕೊನೆ ಹೇಳಿದರೆ ಪಾಪವೇನೂ ತಟ್ಟುವುದಿಲ್ಲ. ಬೆಟ್ಟದ ತುದಿಯಲ್ಲಿ ಮಾತಿಗೆ ಮಾತು ಬೆಳೆದು ಮೇಷ್ಟ್ರು ಕೆಳಗೆ ಬೀಳುತ್ತಾರೆ. ರಾಮಾಚಾರಿ, ಮಾರ್ಗರೆಟ್ ಇಬ್ಬರೂ ಅವರ ಹಿಂದೆಯೇ ಹೋಗುತ್ತಾರೆ.

ಈಗ ಪಿಶಾಚಿಯನ್ನು ಮತ್ತೆ ನೆನಪಿಸಿಕೊಳ್ಳಿ. ಡ್ರಾಕುಲಾ ಕಥೆಯಲ್ಲಿ ಒಂದು ಕಟ್ಟಳೆಯಿದೆ. ಮನೆಯವರು ಯಾರಾದರೂ ಒಳಗೆ ಕರೆಯದೆ ಅವನು ಹೊಸ್ತಿಲು ದಾಟುವಂತಿಲ್ಲ. ಒಮ್ಮೆ ಕರೆದರೆ ಆಯಿತು, ಮತ್ತೆ ಯಾವಾಗ ಬೇಕಾದರೂ ಬರಬಹುದು. ನನ್ನ ಮಟ್ಟಿಗೆ ‘ನಾಗರಹಾವು’ ಸಿನಿಮಾದ ಹೊಸ್ತಿಲು ದಾಟಿದವರು ಚಾಮಯ್ಯ ಮೇಷ್ಟ್ರು. ಪ್ರಿನ್ಸಿಪಾಲ, ಜಲೀಲ ಇಬ್ಬರೂ ಹೊರಗಿನಿಂದ ಬಡಿದವರು, ಅವರಿಂದ ಈ ಹುಡುಗನಿಗೆ ಅಷ್ಟಕ್ಕಷ್ಟೇ ಪೆಟ್ಟು. ಬಾಗಿಲು ತೆರೆದು ಒಳಗೆ ಕರೆದುಕೊಂಡ ಒಬ್ಬರೇ ಒಬ್ಬರಿಂದ ಅವನ ರಕ್ತ ಹೋಗುತ್ತದೆ, ಅದೂ ಎರಡು ಸಲ. ಮೇಷ್ಟ್ರು ಕೆಟ್ಟವರೇ? ಅಲ್ಲ. ಅದಕ್ಕೇ ಸಿನಿಮಾ ನಿಲ್ಲುತ್ತದೆ. ತಮ್ಮ ಪ್ರೀತಿ ಮಾಡುತ್ತಿರುವ ಕೆಲಸ ಅವರಿಗೇ ಗೊತ್ತಿಲ್ಲ. ಮೇಷ್ಟ್ರ ಹೆಂಡತಿ, ಲೀಲಾವತಿಯವರ ತುಂಗಮ್ಮನನ್ನು ಪಕ್ಕದಲ್ಲಿಟ್ಟು ನೋಡಿ. ಆಕೆಯೂ ಹುಡುಗನನ್ನು ಪ್ರೀತಿಸುತ್ತಾರೆ, ಆದರೆ ಆ ಪ್ರೀತಿಗೆ ಬದಲಾಗಿ ಏನನ್ನೂ ಬಿಡು ಎನ್ನುವುದಿಲ್ಲ.

ಹೀಗೆ ನೋಡಿದಾಗ ತ.ರಾ.ಸು. ಅವರ ಮಾತಿಗೆ ನನಗೆ ಸಿಗುವ ಉತ್ತರ ಅರ್ಧ ಹೌದು, ಅರ್ಧ ಅಲ್ಲ. ರಾಮಾಚಾರಿ ಎಂಬ ಹಾವಿನ ಹಲ್ಲನ್ನು ಪುಟ್ಟಣ್ಣ ಮೊಂಡು ಮಾಡಿದ್ದು ನಿಜ. ಸಾಲುಸಾಲು ಹಾಡುಗಳು, ಕೋಟೆಯ ಬಂಡೆಗಳ ಮೇಲೆ ಸ್ಲೋ ಮೋಷನ್ನಿನಲ್ಲಿ ತೇಲುವ ‘ಬಾರೆ ಬಾರೆ’, ಹೊಸ ನಾಯಕನ ಮುಖಕ್ಕೆ ಮತ್ತೆ ಮತ್ತೆ ಹತ್ತಿರ ಹೋಗುವ ಕ್ಯಾಮೆರಾ ಎಲ್ಲ ಸೇರಿ ಅವನನ್ನು ಮುದ್ದು ಮಾಡಿಬಿಟ್ಟಿವೆ. ಸಿಟ್ಟಿನ ಹುಡುಗ ಊರಿಗೇ ಇಷ್ಟವಾದರೆ ಸಿಟ್ಟಿಗೆ ಬೆಲೆಯೆಲ್ಲಿ? ಆದರೆ ವಿಷ ಸಿನಿಮಾದಿಂದ ಹೊರಗೆ ಹೋಗಿಲ್ಲ, ಮೇಷ್ಟ್ರ ಒಳ್ಳೆಯತನದಲ್ಲಿ ಸೇರಿಕೊಂಡಿದೆ. ನೀವು ಇದನ್ನು ಒಪ್ಪಬೇಕಾಗಿಲ್ಲ. ಒಪ್ಪದಿದ್ದರೆ ಯಾವ ದೃಶ್ಯ ನೋಡಿ ಒಪ್ಪಲಿಲ್ಲ ಎಂದು ತೋರಿಸಿ. ಅದಿಲ್ಲದ ಜಗಳಕ್ಕೆ ನಾನಿಲ್ಲ.

ಓಬವ್ವನ ಪ್ರಸಂಗದ ಮೇಲಿರುವ ದೂರನ್ನೂ ಇಲ್ಲೇ ಮುಗಿಸೋಣ. ಜಯಂತಿಯವರು ಒನಕೆ ಹಿಡಿದು ಬರುವ ಆ ಹಾಡಿಗೂ ಕಥೆಗೂ ಸಂಬಂಧವಿಲ್ಲ, ಚಪ್ಪಾಳೆಗಾಗಿ ತುರುಕಿದ್ದು ಎನ್ನುವವರಿದ್ದಾರೆ. ಅವರು ಒಮ್ಮೆ ಕೋಟೆಗೆ ಹೋಗಿ ಒನಕೆ ಕಿಂಡಿಯ ಮುಂದೆ ನಿಲ್ಲಲಿ. ಒಬ್ಬೊಬ್ಬರಾಗಿ ಮೈ ಕುಗ್ಗಿಸಿಕೊಂಡು ನುಸುಳಬೇಕು, ಅಷ್ಟೇ ಜಾಗ. ಪಕ್ಕದಲ್ಲೇ ತಣ್ಣೀರು ದೋಣಿ. ಕಾವಲಿನ ಗಂಡ ಊಟಕ್ಕೆ ಕೂತ, ನೀರು ತರಲು ಬಂದ ಹೆಂಡತಿ ಓಬವ್ವನಿಗೆ ಹೈದರಾಲಿಯ ಸೈನಿಕರು ಅಲ್ಲಿ ನುಸುಳುವುದು ಕಂಡಿತು ಎಂಬುದು ದುರ್ಗದವರಿಗೆಲ್ಲ ಬಾಯಿಪಾಠ. ಏಳು ಸುತ್ತಿನ ಕೋಟೆಗೂ ಇರುವ ಒಂದು ಕಿಂಡಿ, ಅಲ್ಲಿ ನಿಂತ ಒಬ್ಬಳು. ರಾಮಾಚಾರಿಯ ಕಿಂಡಿ ಮೇಷ್ಟ್ರು. ಅಲ್ಲಿ ನಿಲ್ಲಲು ಯಾವ ಓಬವ್ವನೂ ಇಲ್ಲ. ಪುಟ್ಟಣ್ಣ ಇದನ್ನು ಲೆಕ್ಕ ಹಾಕಿಯೇ ಇಟ್ಟರೋ ಇಲ್ಲವೋ, ತೆರೆಯ ಮೇಲಂತೂ ಎರಡೂ ಒಂದಕ್ಕೊಂದು ಮಾತಾಡುತ್ತವೆ.

ದುರ್ಗದ ಪ್ರೇಕ್ಷಕರ ಅಭಿಪ್ರಾಯಕ್ಕೆ ಬೇರೆಯೇ ತೂಕ. ಅವರು ಕಥೆಗಿಂತ ಬಂಡೆಗಳನ್ನು ನೋಡುತ್ತಾರೆ, ಇದು ಯಾವ ಬಾಗಿಲು, ಅದು ಯಾವ ಹೊಂಡ ಎಂದು. ಗೋಪಾಲಸ್ವಾಮಿ ಹೊಂಡದಿಂದ ಕಟ್ ಮಾಡಿದರೆ ಇನ್ನೆಲ್ಲೋ ಹೇಗೆ ಹಾರಿದ ಎಂದು ನಗುತ್ತಾರೆ. ನಗಲಿ. ಊರು ಬಲ್ಲವರ ಜೊತೆ ಕೂತು ನೋಡಿದರೆ ಹೊರಗಿನವರಿಗೆ ಲಾಭವೇ. ಕೋಟೆ ಈ ಚಿತ್ರದಲ್ಲಿ ಹಿಂದಿನ ಪರದೆಯಾಗಿ ನಿಂತಿಲ್ಲ, ಎಲ್ಲಿ ಹೋದರೂ ಹುಡುಗನನ್ನು ಸುತ್ತುಗಟ್ಟಿ ಹಿಡಿದಿದೆ ಎಂಬುದು ಅವರ ಮಾತಿನಿಂದಲೇ ತಿಳಿಯುತ್ತದೆ.

ಯಾವ ಪ್ರತಿ ನೋಡಬೇಕು ಎಂದು ಕೇಳುವವರಿಗೆ: 2018ರ ಜುಲೈನಲ್ಲಿ ವೀರಾಸ್ವಾಮಿಯವರ ಮನೆಯವರೇ ಬಣ್ಣ, ಸದ್ದು ಹೊಸದು ಮಾಡಿ ಸಿನಿಮಾಸ್ಕೋಪಿನಲ್ಲಿ ಮತ್ತೆ ಬಿಡುಗಡೆ ಮಾಡಿದರು. ಕಣ್ಣಿಗೆ ಹಬ್ಬ ನಿಜ. ಆದರೆ ಹಳೆಯ ಚೌಕಟ್ಟನ್ನು ಅಗಲ ಮಾಡುವಾಗ ಮೇಲೆ ಕೆಳಗೆ ಕತ್ತರಿ ಬೀಳಲೇಬೇಕು, ಬೆಟ್ಟದ ಎತ್ತರವೇ ಮುಖ್ಯವಾದ ಚಿತ್ರದಲ್ಲಿ ಅದು ಸಣ್ಣ ನಷ್ಟವಲ್ಲ. ಸಿಕ್ಕರೆ ಹಳೆಯದನ್ನೇ ನೋಡಿ.

ಆಸಕ್ತಿ ಹತ್ತಿದರೆ ಪುಟ್ಟಣ್ಣನವರೇ 1974ರಲ್ಲಿ ಇದೇ ಕಥೆಯನ್ನು ರಿಷಿ ಕಪೂರ್ ಇಟ್ಟುಕೊಂಡು ಹಿಂದಿಯಲ್ಲಿ ಮಾಡಿದ ‘ಜಹ್ರೀಲಾ ಇನ್ಸಾನ್’ ಹುಡುಕಿ. ಜಲೀಲನ ಜಾಗದಲ್ಲಿ ಅಲ್ಲೂ ಅಂಬರೀಷ್. ಅದೇ ನಿರ್ದೇಶಕ, ಅದೇ ಕಥೆ, ಆದರೂ ಓಡಲಿಲ್ಲ. ಯಾಕೆ ಎಂದು ಕೂತು ಯೋಚಿಸಿದರೆ ಕಥೆಗೂ ಸಿನಿಮಾಕ್ಕೂ ಇರುವ ಅಂತರ ತಾನಾಗಿ ಅರ್ಥವಾಗುತ್ತದೆ. ತ.ರಾ.ಸು. ಅವರ ‘ಹಂಸಗೀತೆ’ ಇನ್ನೊಂದು ಒಳ್ಳೆಯ ಪಾಠ. ದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಕಥೆಯದು. 1956ರಲ್ಲಿ ಹಿಂದಿಯ ‘ಬಸಂತ್ ಬಹಾರ್’ ಆಯಿತು, 1975ರಲ್ಲಿ ಜಿ.ವಿ. ಅಯ್ಯರ್ ಕೈಯಲ್ಲಿ ಕನ್ನಡದ ‘ಹಂಸಗೀತೆ’ ಆಯಿತು. ಒಂದೇ ಪುಸ್ತಕದಿಂದ ಬಂದವೆಂದು ಹೇಳದಿದ್ದರೆ ಗೊತ್ತೂ ಆಗುವುದಿಲ್ಲ.

ಕೊನೆಗೆ ‘ಮಸಣದ ಹೂವು’ ನೋಡಿ. ನಾಗರಹಾವಿನ ಜಗಳವಾದ ಮೇಲೂ ಪುಟ್ಟಣ್ಣ ಮತ್ತೆ ಕೈಹಾಕಿದ್ದು ತ.ರಾ.ಸು. ಕಾದಂಬರಿಗೇ. ಅಂಬರೀಷ್, ಜಯಂತಿ ಇದ್ದಾರೆ, ಅಪರ್ಣಾ ಅವರಿಗೆ ಮೊದಲ ಚಿತ್ರ. ತ.ರಾ.ಸು. 1984ರ ಏಪ್ರಿಲ್‌ನಲ್ಲಿ ತೀರಿಕೊಂಡಿದ್ದರು. 1985ರ ಜೂನ್‌ನಲ್ಲಿ ಪುಟ್ಟಣ್ಣನೂ ಹೋದರು, ಉಳಿದ ಕೆಲಸವನ್ನು ಕೆ.ಎಸ್.ಎಲ್. ಸ್ವಾಮಿ ಮುಗಿಸಿದರು. ಇದು ನಾಗರವೋ ಕೇರೆಯೋ ಎಂದು ಹೇಳಲು ಬರೆದವರೂ ಇರಲಿಲ್ಲ, ಎದುರುತ್ತರ ಕೊಡಲು ನಿರ್ದೇಶಕರೂ ಇರಲಿಲ್ಲ. ನೋಡಿ, ಆಮೇಲೆ ಪುಸ್ತಕ ಓದಿ, ಆಮೇಲೆ ಹೊಸದುರ್ಗದ ಯಾವುದಾದರೂ ಹೋಟೆಲಿನಲ್ಲಿ ಕೂತು ಮಾತು ಶುರು ಮಾಡಿ.