ನಡತೆ ಪತ್ರಕ್ಕೆ ಸಹಿ ಯಾರದು?

ಮರ್ವೆ ಎಮ್ರೆಯವರ ‘ದಿ ಪರ್ಸನಾಲಿಟಿ ಬ್ರೋಕರ್ಸ್’ (2018) ಹೆಸರಿನಿಂದ ಕಂಪನಿ ಮ್ಯಾನೇಜರುಗಳ ಪುಸ್ತಕದಂತೆ ಕಾಣುತ್ತದೆ. ಒಳಗೆ ಇರುವುದು ಮಾತ್ರ ಒಂದು ಮನೆ, ಒಬ್ಬ ತಾಯಿ, ಒಬ್ಬ ಮಗಳು. ತಾಯಿ ಕ್ಯಾಥರೀನ್ ಬ್ರಿಗ್ಸ್, ಮಗಳು ಇಸಾಬೆಲ್ ಮೈಯರ್ಸ್. ಜಗತ್ತಿನ ಲಕ್ಷಾಂತರ ಜನರನ್ನು ಹದಿನಾರು ಸ್ವಭಾವಗಳಾಗಿ ವಿಂಗಡಿಸಿದ ‘ಮೈಯರ್ಸ್-ಬ್ರಿಗ್ಸ್’ ಪ್ರಶ್ನಾವಳಿ ಹುಟ್ಟಿದ್ದು ಅಮೆರಿಕದ ಈ ಇಬ್ಬರು ಗೃಹಿಣಿಯರಿಂದ. ಇಬ್ಬರಲ್ಲಿ ಒಬ್ಬರಿಗೂ ಮನಶ್ಶಾಸ್ತ್ರದ ಪದವಿ ಇರಲಿಲ್ಲ.

ತಾಯಿ ಮಗಳಿಗೆ ಮನೆಯಲ್ಲೇ ಪಾಠ ಹೇಳಿದಳು; ಮಕ್ಕಳನ್ನು ಬೆಳೆಸುವ ಬಗ್ಗೆ ಪತ್ರಿಕೆಗಳಿಗೆ ಬರೆದಳು. 1923ರಲ್ಲಿ ಯೂಂಗ್‌ನ ಗ್ರಂಥ ಇಂಗ್ಲಿಷಿನಲ್ಲಿ ಕೈಗೆ ಸಿಕ್ಕಾಗ, ತಾನು ಅದುವರೆಗೆ ಮಾಡಿಕೊಂಡಿದ್ದ ಟಿಪ್ಪಣಿಗಳನ್ನೆಲ್ಲ ಸುಟ್ಟುಹಾಕಿದಳಂತೆ. ಪಾಪ, ಇನ್ನೊಬ್ಬ ಗಂಡಸು ಮೊದಲೇ ಹೇಳಿಬಿಟ್ಟಿದ್ದಾನೆ ಎಂದು ತನ್ನ ಬರಹವನ್ನು ಬೆಂಕಿಗೆ ಹಾಕಿದ ಹೆಂಗಸು ಅವಳೊಬ್ಬಳೇ ಇರಲಾರಳು. ಮಗಳು ಪತ್ತೇದಾರಿ ಕಾದಂಬರಿ ಬರೆದು ಬಹುಮಾನ ಗೆದ್ದವಳು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಯಾರಿಗೆ ಯಾವ ಕೆಲಸ ಒಗ್ಗುತ್ತದೆ ಎಂದು ತಿಳಿಯಲು ಅವಳು ಪ್ರಶ್ನೆಗಳನ್ನು ಹೊಸೆಯತೊಡಗಿದಳು. 1962ರಲ್ಲಿ ಅದು ದೊಡ್ಡ ಪರೀಕ್ಷಾ ಸಂಸ್ಥೆಯೊಂದರಿಂದ ಪ್ರಕಟವಾಯಿತು.

ಎಮ್ರೆ ಸಾಹಿತ್ಯದ ಪ್ರಾಧ್ಯಾಪಕಿ. ಪ್ರಶ್ನಾವಳಿಯನ್ನೂ ಕಾದಂಬರಿಯಂತೆಯೇ ಓದುತ್ತಾರೆ, ಅದೇ ಪುಸ್ತಕದ ಸೊಗಸು. ಕೆಲವೆಡೆ ಅವರ ದನಿಯಲ್ಲಿ ತಾಯಿ-ಮಗಳ ಬಗ್ಗೆ ಸಣ್ಣ ನಗೆ ಇಣುಕುತ್ತದೆ. ಅದು ನನಗೆ ಹಿಡಿಸಲಿಲ್ಲ. ಇಸಾಬೆಲ್ ತನ್ನದನ್ನು ಪರೀಕ್ಷೆ ಎಂದು ಕರೆಯಲು ಒಪ್ಪುತ್ತಿರಲಿಲ್ಲ, ‘ಸೂಚಕ’ ಎನ್ನುತ್ತಿದ್ದಳು. ಅದರಲ್ಲಿ ಪಾಸು-ಫೇಲು ಇಲ್ಲ, ಕೆಟ್ಟ ಸ್ವಭಾವವೂ ಇಲ್ಲ. ಹಾಗೆಂದು ಅವಳ ಲೆಕ್ಕ ಪೂರ್ತಿ ನಿಷ್ಪಕ್ಷಪಾತವೇನಲ್ಲ. ವಿಚಾರ ಮತ್ತು ಭಾವನೆಯನ್ನು ಅಳೆಯುವಲ್ಲಿ ಹೆಂಗಸರಿಗೊಂದು ತೂಕ, ಗಂಡಸರಿಗೊಂದು ತೂಕ ಬಹುಕಾಲ ನಡೆದುಬಂತು. ಹೆಣ್ಣೇ ಮಾಡಿದ ತಕ್ಕಡಿಯಲ್ಲೂ ಹೆಣ್ಣಿಗೆ ಬೇರೆ ಬಟ್ಟು!

ಆ ಪ್ರಶ್ನಾವಳಿಯನ್ನು ನೌಕರಿಗೆ ಆರಿಸಲು ಬಳಸಬಾರದು ಎಂದು ಅದರ ವಾರಸುದಾರರೇ ಹೇಳುತ್ತಾರೆ. ಕಂಪನಿಗಳು ಅದಕ್ಕೆಂದು ಬೇರೆ ಪ್ರಶ್ನಾವಳಿಗಳನ್ನು ಇಟ್ಟುಕೊಂಡಿವೆ. ಈಗ ಅದರ ಪಕ್ಕದಲ್ಲಿ ಕೃತಕ ಬುದ್ಧಿಮತ್ತೆ ಬಂದು ಕೂತಿದೆ. ಎಮ್ರೆಯವರ ಪುಸ್ತಕ ಈ ಕಡೆಗೆ ಹೆಚ್ಚು ತಿರುಗುವುದಿಲ್ಲ, ನನಗಿರುವ ಮುಖ್ಯ ಕೊರತೆ ಅದೇ. ಪ್ರಶ್ನಾವಳಿಯಲ್ಲಿ ನಮ್ಮನ್ನು ಕೇಳುತ್ತಿದ್ದರು, ನಾವು ಉತ್ತರಿಸುತ್ತಿದ್ದೆವು. ಬೇಕೆಂದರೆ ಸುಳ್ಳನ್ನೂ ಹೇಳಬಹುದಿತ್ತು. ಯಂತ್ರ ಕೇಳುವುದನ್ನೇ ಬಿಟ್ಟು, ನೋಡಿಯೇ ಹೇಳುತ್ತೇನೆ ಎನ್ನುತ್ತದೆ.

ಏನು ನೋಡುತ್ತದೆ? 2021ರಲ್ಲಿ ಜರ್ಮನಿಯ ಬವೇರಿಯಾದ ಸಾರ್ವಜನಿಕ ಪ್ರಸಾರ ಸಂಸ್ಥೆಯ ಪತ್ರಕರ್ತರು ಇದನ್ನೇ ಪರೀಕ್ಷಿಸಿದರು. ಚಿಕ್ಕ ವೀಡಿಯೊ ನೋಡಿ ಸ್ವಭಾವದ ಐದು ಗುಣಗಳಿಗೆ ಅಂಕ ಕೊಡುವ ಮ್ಯೂನಿಕ್‌ನ ಸಾಫ್ಟ್‌ವೇರು ಅದು. ಒಬ್ಬಳೇ ನಟಿ, ಅದೇ ಮಾತು. ಕನ್ನಡಕ ಹಾಕಿದರೆ ಅಂಕ ಬೇರೆ, ತಲೆಗೆ ವಸ್ತ್ರ ಕಟ್ಟಿದರೆ ಬೇರೆ. ಇನ್ನೊಂದು ವೀಡಿಯೊದಲ್ಲಿ ಬೆನ್ನ ಹಿಂದೆ ಪುಸ್ತಕದ ಕಪಾಟು ಇಟ್ಟದ್ದಕ್ಕೇ ಅಂಕ ಬದಲಾಯಿತು. ಹೆಣ್ಣು ನೋಡಲು ಬಂದವರು ಹಾಡಿಸಿ, ನಡೆಸಿ, ಜಡೆಯ ಉದ್ದ ನೋಡುತ್ತಿದ್ದ ಕಾಲವನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಅವರೂ ಬೀರುವಿನ ಮೇಲೆ ಕಣ್ಣು ಹಾಯಿಸುತ್ತಿದ್ದರು. ಆದರೆ ಅಲ್ಲಿ ನಮಗೂ ಅವರ ಮುಖ ಕಾಣುತ್ತಿತ್ತು. ಅವರು ಹೋದ ಮೇಲೆ ಅಡುಗೆಮನೆಯಲ್ಲಿ ನಾವೂ ಅವರಿಗೆ ಅಂಕ ಹಾಕುತ್ತಿದ್ದೆವು.

ಅಮೆಜಾನ್ ಕಂಪನಿಯ ಕಥೆ 2018ರಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆಯಿಂದ ಹೊರಬಂತು. ಹತ್ತು ವರ್ಷ ಬಂದ ಅರ್ಜಿಗಳನ್ನು ತೋರಿಸಿ ಯಂತ್ರವನ್ನು ಪಳಗಿಸಿದ್ದರು. ಅರ್ಜಿಗಳಲ್ಲಿ ಹೆಚ್ಚಿನವು ಗಂಡಸರವು. ಯಂತ್ರ ಶ್ರದ್ಧೆಯ ವಿದ್ಯಾರ್ಥಿಯಂತೆ ಅದನ್ನೇ ಕಲಿತು, ‘ಮಹಿಳೆಯರ ಚೆಸ್ ಕ್ಲಬ್ಬಿನ ನಾಯಕಿ’ ಎಂಬಂಥ ಮಾತು ಕಂಡಲ್ಲೆಲ್ಲ ಅಂಕ ಕಳೆಯಿತು. ಕಂಪನಿ ಕೊನೆಗೆ ಆ ಯೋಜನೆಯನ್ನೇ ಕೈಬಿಟ್ಟಿತು. ಮನುಷ್ಯರಲ್ಲಿ ಪಕ್ಷಪಾತ ಉಂಟು, ಯಂತ್ರಕ್ಕಿಲ್ಲ ಎನ್ನುವವರು ಇದನ್ನೊಮ್ಮೆ ಓದಬೇಕು.

ನಾವು ಮೇಷ್ಟ್ರುಗಳೂ ಸ್ವಭಾವಕ್ಕೆ ಸರ್ಟಿಫಿಕೇಟು ಕೊಡುವವರೇ. ಟಿ.ಸಿ.ಯಲ್ಲಿ ‘ನಡತೆ’ ಎಂಬ ಜಾಗವಿದೆ. ಎಂಥ ತುಂಟನಿಗೂ ‘ತೃಪ್ತಿಕರ’ ಎಂದೇ ಬರೆಯುತ್ತೇವೆ. ಹದಿನೈದರ ಹುಡುಗನ ಬಾಗಿಲು ಒಂದು ಪದದಿಂದ ಮುಚ್ಚಬಾರದೆಂಬ ದಾಕ್ಷಿಣ್ಯ ಅದರಲ್ಲಿದೆ. ಕೆಳಗೆ ಹೆಡ್‌ಮಾಸ್ಟರ ಸಹಿ, ಮೊಹರು ಇರುತ್ತದೆ. ತಕರಾರಿದ್ದವರು ಸೀದಾ ಆಫೀಸು ರೂಮಿಗೆ ಬರುತ್ತಾರೆ. ನೌಕರಿಯ ಯಂತ್ರ ಬರೆಯುವ ನಡತೆ ಪತ್ರ ಅಭ್ಯರ್ಥಿಯ ಕೈಗೇ ಬರುವುದಿಲ್ಲ. ಬರುವುದು ‘ವಿಷಾದಿಸುತ್ತೇವೆ’ ಎಂಬ ಎರಡು ಸಾಲು. ಕ್ಯಾಂಪಸ್ ಆಯ್ಕೆಗೆ ಕೂತ ಮಕ್ಕಳು “ಯಾಕೆ ಅಂತ ಗೊತ್ತಿಲ್ಲ ಟೀಚರ್” ಎಂದಾಗ ನನ್ನ ಹತ್ತಿರವೂ ಉತ್ತರವಿಲ್ಲ.

ಕೆಲವು ಕಡೆ ಕಾನೂನು ಎಚ್ಚೆತ್ತಿದೆ. ನ್ಯೂಯಾರ್ಕ್ ನಗರದಲ್ಲಿ 2023ರ ಜುಲೈಯಿಂದ ಇಂಥ ಯಂತ್ರಗಳ ಪಕ್ಷಪಾತವನ್ನು ಹೊರಗಿನವರಿಂದ ತಪಾಸಣೆ ಮಾಡಿಸಬೇಕು, ಅಭ್ಯರ್ಥಿಗೆ ಮೊದಲೇ ತಿಳಿಸಬೇಕು. ಯುರೋಪಿನ ಒಕ್ಕೂಟ 2025ರ ಫೆಬ್ರುವರಿಯಿಂದ, ಕೆಲಸದ ಜಾಗದಲ್ಲಿ ಮುಖ ನೋಡಿ ಭಾವನೆ ಊಹಿಸುವ ಯಂತ್ರಗಳನ್ನು ಸಾಮಾನ್ಯವಾಗಿ ನಿಷೇಧಿಸಿದೆ.

ಎಮ್ರೆಯವರ ಪುಸ್ತಕವನ್ನು ಯಾರಾದರೂ ಕನ್ನಡಕ್ಕೆ ತರಬೇಕು. ಪೂರ್ತಿ ಆಗದಿದ್ದರೆ ತಾಯಿ-ಮಗಳ ಭಾಗವಾದರೂ ಸಾಕು. ಜೊತೆಗೆ ಆ ಜರ್ಮನ್ ಪತ್ರಕರ್ತರ ಪ್ರಯೋಗವನ್ನು ಅನುಬಂಧವಾಗಿ ಸೇರಿಸಿದರೆ, ಮಕ್ಕಳನ್ನು ಇಂಟರ್‌ವ್ಯೂಗೆ ಕಳಿಸುವ ತಾಯಂದಿರು ಅದನ್ನೇ ಮೊದಲು ತೆರೆಯುತ್ತಾರೆ.