ಶಿಲೆಯಲ್ಲಿ ದಾನ, ಗದ್ದೆಯಲ್ಲಿ ದುಡಿಮೆ

ಕಾರ್ಕಳದ ಚತುರ್ಮುಖ ಬಸದಿಯ ಶಾಸನವನ್ನು ಇತಿಹಾಸಕಾರರು ಅರಸರ ಕಾಲವನ್ನು ನಿರ್ಣಯಿಸಲು ಓದುತ್ತಾರೆ. ದೇವಶಾಸ್ತ್ರವನ್ನು ಅಭ್ಯಸಿಸುವ ನಾವು ಇನ್ನೊಂದು ಪ್ರಶ್ನೆಯೊಡನೆ ಅದನ್ನು ಓದಬೇಕಾಗಿದೆ: ದಾನದ ಪುಣ್ಯ ಯಾರದು, ಅದರ ಭಾರ ಯಾರದು?

1586ರಲ್ಲಿ ಇಮ್ಮಡಿ ಭೈರರಸ ಒಡೆಯನು ಈ ಬಸದಿಯನ್ನು ಕಟ್ಟಿಸಿ, ಪೂಜೆಯ ಖರ್ಚಿಗೆಂದು ತೆಳ್ಳಾರು ಗ್ರಾಮದ ವಾರ್ಷಿಕ 700 ಮುಡಿ ಅಕ್ಕಿಯ ಉತ್ಪತ್ತಿಯನ್ನು ಬಿಟ್ಟುಕೊಟ್ಟನು. ಶಾಸನದಲ್ಲಿ ದಾನಿಯ ಹೆಸರಿದೆ, ಗುರು ಲಲಿತಕೀರ್ತಿಯ ಹೆಸರಿದೆ, ಪೂಜೆ ನಡೆಸುವ ಸ್ಥಾನಿಕರ ಪ್ರಸ್ತಾಪವಿದೆ. ಕೆಸರಿಗಿಳಿದು ನೇಜಿ ನೆಟ್ಟವರ ಹೆಸರಿಲ್ಲ.

ಇದು ಜೈನಧರ್ಮದ ಮೇಲಿನ ಆರೋಪವಲ್ಲ. 910ರಲ್ಲಿ ಫ್ರಾನ್ಸಿನ ಕ್ಲೂನಿ ಮಠವನ್ನು ಸ್ಥಾಪಿಸಿದ ವಿಲಿಯಮ್ ಪ್ರಭುವೂ ತನ್ನ ಮತ್ತು ತನ್ನವರ ಆತ್ಮಗಳ ಒಳಿತಿಗಾಗಿ ಭೂಮಿಯನ್ನು ಕೊಟ್ಟನು. ಅದರೊಂದಿಗೆ ಅಲ್ಲಿ ದುಡಿಯುವ ಜೀತದಾಳುಗಳನ್ನೂ ಕೊಟ್ಟನು. ಲೌಕಿಕ ಅಧಿಕಾರದಿಂದ ಮಠಕ್ಕೆ ಬಿಡುಗಡೆ ದೊರೆಯಿತು; ದುಡಿಯುವವರಿಗೆ ಒಡೆಯರಷ್ಟೇ ಬದಲಾದರು.

ಆ ಯುರೋಪಿನಿಂದಲೇ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, ದೀಕ್ಷಾಸ್ನಾನ ಹೊಂದಿ ಜಾತಿಯನ್ನೂ ಜೀವನೋಪಾಯವನ್ನೂ ಕಳೆದುಕೊಂಡವರಿಗೆ ನೇಯ್ಗೆ ಕಲಿಸಿತು. 1865ರಿಂದ ಹೆಂಚಿನ ಕಾರ್ಖಾನೆಗಳನ್ನು ನಡೆಸಿತು. ಮಲ್ಪೆಯಲ್ಲಿಯೂ ಅದರ ಹೆಂಚುಗಳು ತಯಾರಾದವು. ಹಸಿದವರಿಗೆ ಇದು ನಿಜವಾದ ಆಸರೆ. ಆದರೆ ಕೂಲಿ ಕೊಡುವ ಸಂಸ್ಥೆಯೇ ಸಭಾಶಿಸ್ತನ್ನೂ ವಿಧಿಸುವಾಗ, ಬಡ ವಿಶ್ವಾಸಿಯು ಯಾವ ಧೈರ್ಯದಿಂದ ಭಿನ್ನಾಭಿಪ್ರಾಯವನ್ನು ಹೇಳಬಲ್ಲನು? ಮಿಷನರಿಗಳ ತ್ಯಾಗವನ್ನಷ್ಟೇ ಕೊಂಡಾಡುವ ಸಭಾಚರಿತ್ರೆಗಳು ಈ ಪ್ರಶ್ನೆಯನ್ನು ದಾಟಿ ಹೋಗುತ್ತವೆ.

ಮಾರ್ಕನ ಸುವಾರ್ತೆಯ 12ನೆಯ ಅಧ್ಯಾಯವನ್ನು ನಾವು ಕಾಣಿಕೆಯ ಪ್ರಸಂಗಕ್ಕೆ ಬಳಸುವ ರೀತಿಯೂ ಇಂಥದೇ. ಬಡ ವಿಧವೆಯ ಎರಡು ಕಾಸನ್ನು ಹೊಗಳಿ ನಿಲ್ಲಿಸುತ್ತೇವೆ. ಅದಕ್ಕೆ ಮುಂಚಿನ ವಚನಗಳಲ್ಲಿಯೇ ಯೇಸುವು ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳನ್ನು ಖಂಡಿಸಿದ್ದಾನೆ. ಎರಡನ್ನೂ ಕೂಡಿಸಿ ಓದಿದರೆ, ಆಕೆಯ ಭಕ್ತಿ ಕುಂದುವುದಿಲ್ಲ. ಆಕೆಯ ಜೀವನಾಧಾರವನ್ನೆಲ್ಲ ಸ್ವೀಕರಿಸಿದ ಬೊಕ್ಕಸ ಮಾತ್ರ ವಿಚಾರಣೆಗೆ ಒಳಗಾಗುತ್ತದೆ.

ಹೀಗೆ ಓದುವ ಸಭಾಪಾಲಕನು ತನ್ನ ಸಭೆಯ ಇತಿಹಾಸವನ್ನು ದಾನಿಗಳ ಪಟ್ಟಿಯಿಂದ ಮಾತ್ರ ಬರೆಯಲಾರನು. ಕಲ್ಲು ಹೊತ್ತವರನ್ನು, ಗೇಣಿ ತೆತ್ತವರನ್ನು, ಹೆಂಚು ಸುಟ್ಟವರನ್ನು ವೃದ್ಧರ ನೆನಪಿನಿಂದಲೂ ಹಳೆಯ ಕಡತಗಳಿಂದಲೂ ಹುಡುಕಿ ದಾಖಲಿಸುವುದು ಅವನ ಪಾಲನಾಸೇವೆಯ ಭಾಗವೇ ಆಗಿದೆ. ಕಾರ್ಕಳದ ಶಿಲೆಗೆ ಕೇಳಿದ ಪ್ರಶ್ನೆಯನ್ನು ನಮ್ಮ ದೇವಾಲಯಗಳ ಅಡಿಗಲ್ಲಿಗೂ ಆಸ್ತಿಪತ್ರಗಳಿಗೂ ಕೇಳದಿದ್ದರೆ, ನಮ್ಮ ವಿಮರ್ಶೆಯು ನೆರೆಯವನ ಕಣ್ಣಿನ ರವೆಯನ್ನು ಹುಡುಕುವ ಕೆಲಸವಷ್ಟೇ ಆದೀತು.